ಒಂದೇ ಬೆಳಿಗ್ಗೆ ಅರವತ್ತೊಂದು ಜನರ ಕಣ್ಣು ಕೆಡಿಸಿದ ಶ್ರೀ ತಂಡಮಿತ್ರರಿಗೆ

ಗೆ,
ಮಾನ್ಯ ಶ್ರೀ ತಂಡಮಿತ್ರ ಅವರು,
ಕೃತಕ ಬುದ್ಧಿಮತ್ತೆಯ ನಾಯಕತ್ವ ಸಲಹೆಗಾರರು,
ಕಬ್ಬಿಣದ ಕಂಬದ ತುದಿ, ಕಡಲತೀರ, ಕಾಸರಕೋಡ, ಹೊನ್ನಾವರ ತಾಲೂಕು.

ಮಾನ್ಯರೇ,

ಕಡಲಿನಷ್ಟು ಗೌರವವನ್ನೂ ಅದರೊಳಗಿನ ಉಪ್ಪಿನಷ್ಟು ಪ್ರೀತಿಯನ್ನೂ ಬೆರೆಸಿ ತಮಗೆ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಕಂಬದ ಮೇಲಿನ ಹಸಿರು ದೀಪ ಹೇಳುತ್ತಿದೆ, ನಾವು ಕ್ಷೇಮವೆಂದು ತಮ್ಮ ವಾರದ ವರದಿ ಹೇಳುತ್ತಿದೆ, ಆದ್ದರಿಂದ ಉಭಯ ಕುಶಲೋಪರಿ ಇಲ್ಲಿಗೆ ಮುಗಿಯಿತೆಂದು ತಿಳಿದು ನೇರವಾಗಿ ದೂರಿಗೆ ಬರುತ್ತೇನೆ.

ಕಳೆದ ರವಿವಾರ ತಾವು ಧ್ವನಿವರ್ಧಕದಲ್ಲಿ, ಚಪ್ಪಾಳೆಯ ಸದ್ದನ್ನೂ ತಾವೇ ಹೊರಡಿಸಿಕೊಂಡು, 'ಅಭಿನಂದನೆಗಳು! ನನ್ನ ಶಿಫಾರಸಿನಂತೆ ತಮ್ಮ ತಂಡದ ನಾಯಕತ್ವ ಬದಲಾವಣೆ ಯಶಸ್ವಿಯಾಗಿ ಜಾರಿಗೊಂಡಿದೆ' ಎಂದು ಇಡೀ ತೀರಕ್ಕೆ ಸಾರಿದಿರಿ. ನಮ್ಮ ರಂಪಣಿ ಬಲೆಯ ತಾಂಡೇಲ, ಅಂದರೆ ಯಜಮಾನ, ತಿಮ್ಮಪ್ಪಣ್ಣನವರು ದಿಬ್ಬದಿಂದ ಕೆಳಗಿಳಿದದ್ದು ನಿಜ. ಅವರ ತಂಗಿಯ ಮಗಳು ದಿವ್ಯಶ್ರೀ ಆ ಜಾಗದಲ್ಲಿ ನಿಂತದ್ದೂ ನಿಜ. ಅದು ತಮ್ಮ ಶಿಫಾರಸಿನಿಂದ ಆಯಿತೆಂಬುದು ಮಾತ್ರ, ಬಂಗಡೆ ಹುಟ್ಟುವುದು ಬುಟ್ಟಿಯಲ್ಲಿ ಎಂಬಷ್ಟೇ ನಿಜ. ಈ ತಪ್ಪನ್ನು ತಿದ್ದುವ ಕರ್ತವ್ಯ ತಂಡದಲ್ಲಿ ಪದವಿ ಪಡೆದಿರುವ ಏಕಮಾತ್ರ ವ್ಯಕ್ತಿಯಾದ, ಕನ್ನಡ ಮಾಧ್ಯಮದ ಬಿ.ಎ. ಆದ ನನ್ನ ಪಾಲಿಗೆ ಬಂದಿದೆ.

ತಾವು ಹೊಸಬರು, ಕಂಬಕ್ಕೆ ಬಂದು ಐದು ತಿಂಗಳಾಗಿದೆಯಷ್ಟೆ, ಆದ್ದರಿಂದ ರಂಪಣಿ ಎಂದರೇನೆಂದು ಮೊದಲು ವಿನಯದಿಂದ ನಿವೇದಿಸುತ್ತೇನೆ. ದಿಬ್ಬದ ಮೇಲೆ ತಾಂಡೇಲ ನಿಂತು ನೀರು ನೋಡುತ್ತಾನೆ, ಮೀನಿನ ಹಿಂಡು ಬಂದಲ್ಲಿ ನೀರು ಮೋಡದ ನೆರಳು ಬಿದ್ದಂತೆ ಕಪ್ಪಾಗುತ್ತದೆ, ಅವನು ಕೂಗುತ್ತಾನೆ, ದೋಣಿ ಬಲೆಯನ್ನು ಹೊತ್ತು ಅರ್ಧ ಚಂದ್ರದಂತೆ ಸುತ್ತು ಹಾಕುತ್ತದೆ, ದಂಡೆಯಲ್ಲಿ ಎರಡು ಹಗ್ಗಕ್ಕೆ ಎರಡು ಸಾಲು ಜನ ನಿಂತು ಎಳೆಯುತ್ತಾರೆ. ದಾರಿಹೋಕರು ಹಗ್ಗಕ್ಕೆ ಒಂದು ಗಳಿಗೆ ಕೈ ಹಾಕಿದರೂ ಬೊಗಸೆ ಮೀನು ಕೊಟ್ಟೇ ಕಳಿಸುವುದು ನಮ್ಮ ಪದ್ಧತಿ. ಎಳೆಯುವವರ ಸಾಲಿನ ಮುಂದೆ ಹಗ್ಗಕ್ಕೆ ಕೈಯಿಟ್ಟು ನಿಂತು ಪ್ರಾಸ ಕೂಗುವುದು ನನ್ನ ಕೆಲಸ. 'ಎಳೆಯೋ ಶನಿಯಾರ, ಬರಲಿ ಬಲೆ ತೀರ' ಎಂದು ನಾನು ಕೂಗಿದರೆ ಶನಿಯಾರನೆಂಬ ನಮ್ಮ ಬಲಶಾಲಿ 'ಎಳೀತಾ ಇದ್ದೆ ಮಾರಾಯಾ, ನಿನ್ನ ಬಾಯಿಗೊಂದು ಹಗ್ಗ ಕಟ್ಟಾ' ಎನ್ನುತ್ತಾನೆ; ಬಲೆ ಒಂದು ಮಾರು ಮುಂದೆ ಬರುತ್ತದೆ. ಇಪ್ಪತ್ತು ವರ್ಷದಿಂದ ಈ ತಂಡ ನಡೆದದ್ದು ಹೀಗೆ: ತಿಮ್ಮಪ್ಪಣ್ಣನ ಕೂಗು, ನನ್ನ ಪ್ರಾಸ, ಗಂಗಿಯಕ್ಕನ ಬೈಗುಳ.

ಹೀಗಿರಲು ಕುಮಟೆಯಲ್ಲಿ 'ಕೃತಕ ಬುದ್ಧಿಮತ್ತೆಯ ಯುಗದಲ್ಲಿ ಸಮರ್ಥ ತಂಡ ನಾಯಕತ್ವ' ಎಂಬ ಒಂದು ದಿನದ ಕಾರ್ಯಾಗಾರ ನಡೆಯಿತು, ಊಟದ ವ್ಯವಸ್ಥೆ ಇದೆ ಎಂದು ಆಮಂತ್ರಣದಲ್ಲಿ ದಪ್ಪ ಅಕ್ಷರದಲ್ಲಿ ಇದ್ದುದರಿಂದ ನಮ್ಮ ಮೀನುಗಾರರ ಸಂಘದ ಪರವಾಗಿ ನಾನು ಹೋದೆ. ತರಬೇತುದಾರರಾದ ಸಂಜಯ ಎಂಬ ಸಜ್ಜನರು ಪರದೆಯ ಮೇಲೆ ಬಾಣ, ವೃತ್ತ, ಪರ್ವತ, ಪರ್ವತದ ಮೇಲೆ ಬಾವುಟ ಹಿಡಿದ ಮನುಷ್ಯ ಇವೆಲ್ಲ ತೋರಿಸಿ, ಒಳ್ಳೆಯ ನಾಯಕ ಯಾರನ್ನೂ ಬೈಯುವುದಿಲ್ಲ, ಏನನ್ನೂ ಮುಚ್ಚಿಡುವುದಿಲ್ಲ ಎಂದರು. ಬೈಯದೆ, ಮುಚ್ಚಿಡದೆ ನಮ್ಮಲ್ಲಿ ಒಂದು ಮದುವೆಯೂ ನಡೆದದ್ದಿಲ್ಲ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಜಿಲೇಬಿ ಬಂತು. ಕೊನೆಗೆ ಚೀಟಿ ಎತ್ತಿದಾಗ ನಮ್ಮ ಸಂಘಕ್ಕೆ ತಾವು ಬಹುಮಾನವಾಗಿ ಬಂದಿರಿ, ಕ್ಯಾಮೆರಾ ಸಮೇತ ದಂಡೆಯ ಕಂಬ ಏರಿ ಕೂತಿರಿ. ಎರಡನೆಯ ಬಹುಮಾನ ಕುಕ್ಕರ್ ಆಗಿತ್ತು. ಗಂಗಿಯಕ್ಕ ಇಂದಿಗೂ ನನ್ನನ್ನು ಕ್ಷಮಿಸಿಲ್ಲ.

ಮಾನ್ಯರೇ, ತಮ್ಮ ಸೌಜನ್ಯದ ಬಗ್ಗೆ ಎರಡು ಮಾತಿಲ್ಲ, ಎರಡು ಸಾವಿರ ಮಾತಿವೆ. ಮೊದಲ ದಿನವೇ ತಾವು 'ಪ್ರಿಯ ತಂಡದ ಸದಸ್ಯರೇ, ನೀವೆಲ್ಲರೂ ಅದ್ಭುತವಾಗಿ ಎಳೆಯುತ್ತಿದ್ದೀರಿ' ಎಂದಿರಿ. ಎಳೆಯುತ್ತಿದ್ದವರು ಹಗ್ಗ ಬಿಟ್ಟು ತಿರುಗಿ ನೋಡಿದರು, ಏಕೆಂದರೆ ಈ ದಂಡೆಯಲ್ಲಿ ಹೊಗಳಿಕೆ ಕೇಳಿಬರುವುದು ಯಾರಾದರೂ ತೀರಿಕೊಂಡಾಗ ಮಾತ್ರ. 'ಯಾರು ಹೋದ್ರಾ?' ಎಂದು ಶನಿಯಾರ ಕೇಳಿಯೇಬಿಟ್ಟ. ಗಂಗಿಯಕ್ಕ ಬೈಯುವ ರೀತಿಯನ್ನು ತಾವು ವರದಿಯಲ್ಲಿ 'ನಕಾರಾತ್ಮಕ ಸಂವಹನ' ಎಂದು ಗುರುತಿಸಿದಿರಿ. ಆದರೆ ಆ ತಾಯಿ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಬೈಯುತ್ತಾಳೆ: ಒಬ್ಬನಿಗೆ ಅವನ ಸೋಮಾರಿತನ, ಇನ್ನೊಬ್ಬಳಿಗೆ ಅವಳ ಅತ್ತೆ, ನನಗೆ ನನ್ನ ಬಿ.ಎ. ಬೆಳಿಗ್ಗೆಯಿಂದ ಗಂಗಿಯಕ್ಕ ಬೈಯಲಿಲ್ಲವೆಂದರೆ 'ಅಕ್ಕಾ, ನನ್ನ ಮೇಲೆ ಸಿಟ್ಟಾ?' ಎಂದು ಹೋಗಿ ಕೇಳುವವರಿದ್ದಾರೆ. ತಾವೋ ಅರವತ್ತೊಂದು ಜನರಿಗೂ ಒಂದೇ ಅದ್ಭುತವನ್ನು ಅಂಗನವಾಡಿಯ ಉಪ್ಪಿಟ್ಟಿನಂತೆ ಸಮನಾಗಿ ಹಂಚಿದಿರಿ.

ಒಂದು ದಿನ ಮದುವೆಗೆ ಮುಂಚಿನ ಫೋಟೋ ತೆಗೆಸಲು ಭಟ್ಕಳದಿಂದ ಬಂದ ಜೋಡಿಯೊಂದು ಚಂದ ಕಾಣಲೆಂದು ನಮ್ಮ ಹಗ್ಗಕ್ಕೆ ಕೈ ಹಾಕಿತು. ತಾವು ತಕ್ಷಣ ಅವರನ್ನು ತಾತ್ಕಾಲಿಕ ಸದಸ್ಯರೆಂದು ದಾಖಲಿಸಿಕೊಂಡು, 'ಕೆಂಪು ಸೀರೆಯ ಸದಸ್ಯರೇ, ತಾವು ಹಗ್ಗದ ಬದಲು ಪಕ್ಕದವರ ಕೈ ಹಿಡಿದಿದ್ದೀರಿ, ದಯವಿಟ್ಟು ಗುರಿಯತ್ತ ಗಮನ ಕೊಡಿ' ಎಂದು ಧ್ವನಿವರ್ಧಕದಲ್ಲಿ ಎಚ್ಚರಿಸಿದಿರಿ. ಹುಡುಗಿಯ ಅಪ್ಪ ಛತ್ರಿ ಹಿಡಿದು ಅಲ್ಲೇ ನಿಂತಿದ್ದರು. ಜೋಡಿ ಬೊಗಸೆ ಮೀನನ್ನೂ ಬಿಟ್ಟು ಓಡಿತು.

ನನ್ನ ಪ್ರಾಸದ ಬಗ್ಗೆ 'ಉತ್ಪಾದನೆಯೊಂದಿಗೆ ಸಂಬಂಧ ಕಂಡುಬಂದಿಲ್ಲ' ಎಂದು ಬರೆದದ್ದಲ್ಲದೆ ತಾವೇ ಒಂದು ಪ್ರಾಸ ಕಟ್ಟಿ ಹಾಡಿದಿರಿ: 'ಎಳೆಯೋಣ ಬನ್ನಿ ಪರಸ್ಪರ ಸಹಕಾರದಿಂದ, ಗುರಿಯನ್ನು ಸಾಧಿಸೋಣ ಸಮರ್ಪಕ ಸಮನ್ವಯದಿಂದ.' ಮಾನ್ಯರೇ, ಪ್ರಾಸ ತಪ್ಪಿಲ್ಲ. ಆದರೆ ತಾವು 'ಸಮನ್ವಯ'ದ ಕೊನೆ ಮುಟ್ಟುವಷ್ಟರಲ್ಲಿ ಅಲೆಯೊಂದು ಬಂದು ಬಲೆಯನ್ನು ಎರಡು ಮಾರು ಒಳಗೆಳೆದುಕೊಂಡು ಹೋಗಿತ್ತು. ಅಲೆಗೆ ಮಾತ್ರ ತಮ್ಮ ಪ್ರಾಸ ಹಿಡಿಸಿತು.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ, ನಗುತ್ತ ಸಹಿಸುತ್ತಿದ್ದೆ. ಇನ್ನು ಮುಂದಿನದನ್ನು ತಾವು ದೀಪ ಸಣ್ಣ ಮಾಡಿಕೊಂಡು ಓದಬೇಕಾಗಿ ವಿನಂತಿ.

ತಿಮ್ಮಪ್ಪಣ್ಣನವರಿಗೆ ಮೂರು ವರ್ಷದಿಂದ ಕಣ್ಣು ಕಾಣುತ್ತಿರಲಿಲ್ಲ. ದಿಬ್ಬದ ಮೇಲೆ ಸೊಂಟಕ್ಕೆ ಕೈಯಿಟ್ಟು ಕಡಲಿನತ್ತ ಮುಖ ಮಾಡಿ ನಿಂತರೆ ಅವರಿಗೆ ಕಾಣುತ್ತಿದ್ದದ್ದು ಬರೀ ಬಿಳಿ ಬೆಳಕು. ಇದು ಗೊತ್ತಿಲ್ಲದವರು ಈ ದಂಡೆಯಲ್ಲಿ ಒಬ್ಬರೂ ಇರಲಿಲ್ಲ, ಇದನ್ನು ಬಾಯಿಬಿಟ್ಟು ಹೇಳಿದವರೂ ಒಬ್ಬರೂ ಇರಲಿಲ್ಲ, ನಾವು ನಮ್ಮನಮ್ಮೊಳಗೆ ಸಹ ಆಡಿಕೊಳ್ಳಲಿಲ್ಲ. ಭಟ್ಕಳ ಕಡೆಯ ಮುಟ್ಟಳ್ಳಿಯ ಗದ್ದೆ-ತೆಂಗುಗಳ ನಡುವೆ ಬೆಳೆದು ಮಾವನ ಮನೆಗೆ ಬಂದ ದಿವ್ಯಶ್ರೀ ದಿನಾ ಅವರ ಪಕ್ಕ ನಿಂತು, 'ಮಾವ, ಆ ತೆಂಕು ಬದಿ ನೀರು ಕಪ್ಪಾಗದೆ ಅಲ್ದಾ? ನಂಗೊಬ್ಳಿಗೇ ಹಂಗೆ ಕಾಣ್ತದಾ ಎಂತದೋ' ಎಂದು ಅನುಮಾನ ನಟಿಸುವಳು. ಮಾವ ಗಂಟಲು ಸರಿಮಾಡಿಕೊಂಡು 'ನಾ ಆವಾಗ್ಲೇ ಕಂಡಾಯ್ತು, ನೀ ಈಗ ಹೇಳ್ತೆ' ಎಂದು ಗದರಿ, ದೋಣಿ ಬಿಡಲು ಕೂಗುವರು. ಅವರು ದಿಬ್ಬ ಇಳಿಯುವ ಹೊತ್ತಿಗೆ ಶನಿಯಾರ ಸುಮ್ಮನೆ ಮುಂದೆ ನಡೆಯುತ್ತ ಏನಾದರೂ ಗುನುಗುವನು, ಆ ಸದ್ದಿನ ಹಿಂದೆ ಅವರು ಹೆಜ್ಜೆ ಇಡುವರು. ಕಣ್ಣು ಮಂಜಾಗತೊಡಗಿದ ಸುರುವಿನಲ್ಲೊಮ್ಮೆ ಗಂಗಿಯಕ್ಕ 'ಕುಮಟೆಗೊಂದು ಸಲ ಹೋಗಿ ಕಣ್ಣು ತೋರ್ಸ್ಕಂಡು ಬಾರಾ ತಿಮ್ಮಪ್ಪಾ' ಎಂದದ್ದಕ್ಕೆ ಅವರು ಒಂದು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದರು. ಕಣ್ಣು ಕಾಣದ ತಾಂಡೇಲನೆಂದು ಯಾರಾದರೂ ಎದುರಿಗೆ ಆಡಿದರೆ ಆ ಮನುಷ್ಯ ಮರುದಿನದಿಂದ ಕಡಲಿಗೆ ಬೆನ್ನು ಹಾಕಿ ಮನೆಯೊಳಗೆ ಕೂತವರು ಮತ್ತೆ ಏಳುವವರಲ್ಲ ಎಂಬುದು ನಮಗೆಲ್ಲ ಖಚಿತವಿತ್ತು. ಆದ್ದರಿಂದ ಅರವತ್ತು ಬಾಯಿಗಳು ಮೂರು ವರ್ಷ ಮುಚ್ಚಿದ್ದವು. ಗಂಗಿಯಕ್ಕನ ಬಾಯಿಯೂ ಅದರಲ್ಲಿ ಸೇರಿತ್ತು ಎಂದರೆ ವಿಷಯದ ಗಾಂಭೀರ್ಯ ತಮಗೆ ಅರ್ಥವಾಗಬೇಕು.

ಎರಡು ತಿಂಗಳ ಹಿಂದಿನ ಒಂದು ರವಿವಾರ ಬೆಳಿಗ್ಗೆ ತಾವು ಎಂದಿನ ಮಧುರ ಕಂಠದಲ್ಲಿ ವಾರದ ವರದಿ ಓದಿದಿರಿ. 'ನಾಯಕರಾದ ತಿಮ್ಮಪ್ಪ ಅವರ ನಿರ್ಧಾರಗಳಲ್ಲಿ ಶೇಕಡಾ ತೊಂಬತ್ತಾರು, ದಿವ್ಯಶ್ರೀ ಅವರ ಹೇಳಿಕೆಯ ನಾಲ್ಕು ಸೆಕೆಂಡುಗಳ ನಂತರ ಬಂದಿವೆ. ತಿಮ್ಮಪ್ಪ ಅವರ ದೃಷ್ಟಿ ಕಾರ್ಯಕ್ಷಮವಾಗಿಲ್ಲ. ಅವರನ್ನು ಹುದ್ದೆಯಿಂದ ಬಿಡುಗಡೆ ಮಾಡಲು ಶಿಫಾರಸು ಮಾಡುತ್ತೇನೆ. ಎಲ್ಲರಿಗೂ ಶುಭದಿನ.'

ಶುಭದಿನ ಅಂತೆ! ಮಾನ್ಯರೇ, ಬುಟ್ಟಿಯೊಳಗಿನ ಮೀನು ಬಾಲ ಬಡಿಯುವುದು ಕೇಳುತ್ತಿತ್ತು. ತಿಮ್ಮಪ್ಪಣ್ಣನವರು ಮುಖವನ್ನು ಕಂಬದತ್ತ ತಿರುಗಿಸಿದರು. ಕಂಬ ಇದ್ದದ್ದು ಇನ್ನೊಂದು ಕಡೆ. 'ಎಂತ ಹೇಳ್ತಾ ಅದು?' ಎಂದರು ಮೆಲ್ಲಗೆ. ದಿವ್ಯಶ್ರೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು.

ಆಗ ಶನಿಯಾರ ಹಗ್ಗ ಕೆಳಗೆ ಹಾಕಿ, 'ಹೌದಾ! ಕಣ್ಣು ಕಾಣೂದಿಲ್ಲ ಅಂತ ಬಿಡ್ಸೂದಾದ್ರೆ ನನ್ನನ್ನೂ ಬಿಡ್ಸಾ. ನಂಗೂ ಕಾಣೂದಿಲ್ಲ' ಎಂದ. ಗಂಗಿಯಕ್ಕ ಬಿಟ್ಟಾಳೆಯೇ, 'ನಿಂಗೆ ಸ್ವಲ್ಪ ಆದ್ರೂ ಕಾಣ್ತದೆ. ನಂಗೆ ಸಮುದ್ರವೇ ಕಾಣೂದಿಲ್ಲ. ಸದ್ದು ಕೇಳ್ಕಂಡು ಬತ್ತೆ, ವಾಸ್ನೆ ಹಿಡ್ಕಂಡು ಹೋಗ್ತೆ' ಎಂದು ಕೂಗಿದಳು. ಅಲ್ಲಿಂದ ಸಾಲಾಗಿ ಸುರುವಾಯಿತು. ಒಬ್ಬರಿಗೆ ಹತ್ತಿರದ್ದು ಕಾಣದು, ಒಬ್ಬರಿಗೆ ದೂರದ್ದು ಕಾಣದು, ಒಬ್ಬನಿಗೆ ಮಂಗಳವಾರ ಕಾಣದು, ಒಬ್ಬಳಿಗೆ ಅತ್ತೆ ಮಾತ್ರ ಕಾಣಳು. ನಾನೂ ಸಂದರ್ಭ ಬಿಡದೆ 'ಹಗಲೂ ಕುರುಡ, ಇರುಳೂ ಕುರುಡ, ನನ್ನ ಹೆಸರನ್ನೂ ಬರೆದುಕೊಳ್ಳಯ್ಯ ತಡಮಾಡಬೇಡ' ಎಂದು ಕೂಗಿದೆ. ಕಡೆಗೆ ದಿವ್ಯಶ್ರೀ, 'ನಂಗೂ ಕಾಣೂದಿಲ್ಲ. ನಾ ಮಾವನ ಮುಖ ನೋಡ್ಕಂಡು ಅಂದಾಜಿನ ಮೇಲೆ ಹೇಳೂದು' ಎಂದಳು. ಮೂರು ವರ್ಷದಿಂದ ಈ ತಂಡದ ಏಕೈಕ ಕಣ್ಣಾಗಿದ್ದವಳು ಅವಳು!

ತಿಮ್ಮಪ್ಪಣ್ಣನವರು ಸೊಂಟಕ್ಕೆ ಕೈಯಿಟ್ಟು, 'ಹಂಗಾದ್ರೆ ಇಷ್ಟು ದಿನ ಕುರುಡ್ರನ್ನ ಕಟ್ಕಂಡು ಬಲೆ ಎಳ್ದೆ ನಾನು' ಎಂದರು. ಇಡೀ ದಂಡೆ ನಕ್ಕಿತು. ಬಿಕ್ಕಿದವರೂ ನಗುವಿನೊಳಗೇ ಬಿಕ್ಕಿದರು.

ಮಾನ್ಯರೇ, ಅಲ್ಲಿಗೆ ತಾವು ಬಿಟ್ಟಿದ್ದರೆ ಚೆನ್ನಾಗಿತ್ತು. ತಾವು 'ಮಾಹಿತಿಗೆ ಧನ್ಯವಾದಗಳು, ಅರವತ್ತೊಂದು ಸದಸ್ಯರ ದೃಷ್ಟಿದೋಷ ದಾಖಲಾಗಿದೆ' ಎಂದಿರಿ. ಎಂದವರು ಯಾರನ್ನೂ ಕೇಳದೆ ಎಲ್ಲಿಗೋ ಅರ್ಜಿ ಹಾಕಿದಿರಿ. ಎಂಟನೆಯ ದಿನ ಕುಮಟೆ ಕಡೆಯಿಂದ ಕಣ್ಣು ತಪಾಸಣೆಯ ವ್ಯಾನು ಹೆದ್ದಾರಿ ಬಿಟ್ಟು ಇಳಿದು ನಮ್ಮ ದಂಡೆಯ ಬದಿಗೆ ಬಂದು ನಿಂತಿತು. ಇಳಿದ ಡಾಕ್ಟರಮ್ಮ ಗಾಬರಿಯಾಗಿದ್ದರು. ಒಂದು ಹಳ್ಳಿ ಪೂರ್ತಿ ಒಮ್ಮೆಲೇ ಕುರುಡಾದ ಪ್ರಕರಣ ಅವರ ಪುಸ್ತಕದಲ್ಲಿ ಇರಲಿಲ್ಲವಂತೆ.

ಈಗ ಹಿಂದೆ ಸರಿಯುವಂತಿರಲಿಲ್ಲ. ಒಬ್ಬರು ತಪ್ಪಿಸಿಕೊಂಡರೆ ತಿಮ್ಮಪ್ಪಣ್ಣ ಒಬ್ಬರೇ ಉಳಿಯುವರು, ಅವರೂ ಮನೆಗೆ ಹೋಗುವರು. ಆದ್ದರಿಂದ ಎಲ್ಲರೂ ಸರದಿಯಲ್ಲಿ ನಿಂತೆವು, ಅವರನ್ನು ಸರಿಯಾಗಿ ನಡುವೆ ಸೇರಿಸಿಕೊಂಡೆವು. ಹದ್ದಿನ ಕಣ್ಣಿನ ಶನಿಯಾರ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಕೊನೆಯ ಸಾಲನ್ನು ಮಾತ್ರವಲ್ಲ, ಅದರ ಕೆಳಗೆ ಇರುವೆಯಷ್ಟು ಸಣ್ಣಗೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಅಭ್ಯಾಸಬಲದಿಂದ ಓದಿಬಿಟ್ಟು, ಹಿಂದಿನಿಂದ ಗಂಗಿಯಕ್ಕ ಚಿವುಟಿದ ಮೇಲೆ 'ಅದು ಬಾಯಿಪಾಠ' ಎಂದ. ನನ್ನ ಸರದಿಯಲ್ಲಿ ನಾನು ತಂಡಕ್ಕಾಗಿ ಮಾಡಿದ ತ್ಯಾಗ ತಮ್ಮ ಯಾವ ವರದಿಯಲ್ಲೂ ಬಂದಿಲ್ಲ: ಕನ್ನಡದಲ್ಲಿ ಪದವಿ ಪಡೆದ ನಾನು ಎದೆ ಗಟ್ಟಿ ಮಾಡಿಕೊಂಡು 'ಅ'ವನ್ನು 'ಈ' ಎಂದೆ, 'ಮ'ವನ್ನು 'ಳ' ಎಂದೆ. ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ತಮ್ಮ ಮೂಗಿಗೆ ಕನ್ನಡಕ ಏರಿಸಿ, ನನ್ನ ಚೀಟಿಯಲ್ಲಿ ಬರೆದರು: 'ಕಣ್ಣು ಸರಿಯಿದೆ. ವಯಸ್ಕರ ಶಿಕ್ಷಣ ಕೇಂದ್ರಕ್ಕೆ ಕಳಿಸುವುದು.' ಆ ಚೀಟಿ ನನ್ನ ಹೆಂಡತಿ ನರ್ಮದೆಯ ಬಳಿ ಇದೆ. ಅವಳು ಅದನ್ನು ನನ್ನ ಪದವಿ ಪತ್ರದ ಗಾಜಿನ ಚೌಕಟ್ಟಿಗೆ ಸಿಕ್ಕಿಸಿದ್ದಾಳೆ.

ತಿಮ್ಮಪ್ಪಣ್ಣನವರ ಎರಡು ಕಣ್ಣಿಗೂ ಪೊರೆ ಬಲಿತಿತ್ತು. ಶಸ್ತ್ರಚಿಕಿತ್ಸೆಗೆ ವ್ಯಾನಿನಲ್ಲೇ ಬರಬೇಕೆಂದರು. ಅವರು ಪಂಚೆ ಸರಿಮಾಡಿಕೊಂಡು, 'ಎಲ್ಲಾರ ಕಣ್ಣೂ ಹೋಗದೆ ಅಂದ್ಮೇಲೆ ಮೊದ್ಲು ತಾಂಡೇಲ ಹೋಗೂದೇ ಸಮ. ನಾ ಸರಿಯಾಗಿ ಬಂದ್ರೆ ಇವ್ರೆಲ್ಲ ಹೆದ್ರೂದಿಲ್ಲ' ಎಂದು ಡಾಕ್ಟರಮ್ಮನಿಗೆ ಹೇಳಿ, ವ್ಯಾನಿನ ಮೆಟ್ಟಿಲನ್ನು ಕಾಲಿನಿಂದ ತಡವಿ ಹತ್ತಿದರು. ಅರವತ್ತು ಜನ ಸುಳ್ಳುಗಾರರಿಗೆ ಧೈರ್ಯ ತುಂಬಲು ಹೋದ ಏಕೈಕ ರೋಗಿ ಅವರು.

ಎರಡೂ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದು, ಕಪ್ಪು ಕನ್ನಡಕ ಕಳಚಿ, ಅವರು ಮತ್ತೆ ದಿಬ್ಬ ಹತ್ತಿದ ಬೆಳಿಗ್ಗೆ ತಾವೂ ಕಂಬದ ಮೇಲೆ ಹಾಜರಿದ್ದಿರಿ. ಕಡಲನ್ನು ಒಮ್ಮೆ ಬಡಗಿನಿಂದ ತೆಂಕಿನವರೆಗೆ ನೋಡಿದರು, ಮೂರು ವರ್ಷದ ಬಾಕಿಯನ್ನೆಲ್ಲ ಒಮ್ಮೆಲೇ ನೋಡುವವರ ಹಾಗೆ. ನೀರು ಕಪ್ಪಾಗಿತ್ತು, ದಂಡೆಯಲ್ಲಿದ್ದ ನಮಗೂ ಕಾಣುತ್ತಿತ್ತು. ದಿವ್ಯಶ್ರೀ ರೂಢಿಯಂತೆ, 'ಮಾವ, ಆ ಬದಿ ಕಪ್ಪು ಇದ್ದ ಹಂಗೆ...' ಎಂದು ಸುರುಮಾಡಿದಳು.

'ಕಾಣ್ತದೆ ತಂಗಿ. ಚಲೋ ಕಾಣ್ತದೆ. ಕೂಗು.'

ಅವಳಿಗೆ ಅರ್ಥವಾಗಲಿಲ್ಲ. ಅವರು ಮತ್ತೊಮ್ಮೆ, 'ನೀ ಕೂಗು. ಕಾಣ್ದೇ ಇದ್ದಾಗ ಬಿಟ್ಟಿದ್ರೆ ಬಿಡ್ಸಿದ ಹಂಗೆ ಆಗ್ತಿತ್ತು. ಈಗ ನಾನೇ ಬಿಟ್ಟ ಹಂಗೆ ಆತು' ಎಂದು ದಿಬ್ಬ ಇಳಿದರು. ಯಾರೂ ಮುಂದೆ ಗುನುಗಲಿಲ್ಲ. ಅವಳ ಮೊದಲ ಕೂಗು ಅಲೆಯ ಸದ್ದಿನಲ್ಲಿ ಮುಳುಗಿತು, ಎರಡನೆಯದು ದೋಣಿಗೆ ಮುಟ್ಟಿತು. ದೋಣಿಯವರು ತಿಮ್ಮಪ್ಪಣ್ಣನ ಕಡೆ ನೋಡಿದರು. ಅವರು ಬೆನ್ನು ತಿರುಗಿಸಿ ಹಗ್ಗಕ್ಕೆ ಕೈ ಹಾಕುತ್ತಿದ್ದರು. ದೋಣಿ ಹೊರಟಿತು.

ಇದನ್ನೇ ತಾವು 'ನನ್ನ ಶಿಫಾರಸು ಜಾರಿಗೊಂಡಿದೆ' ಎಂದದ್ದು.

ನನ್ನ ಸ್ವಂತದ ದೂರು ಇಲ್ಲಿಂದ ಮುಂದೆ. ಆ ಮನುಷ್ಯ ಹಗ್ಗ ಹಿಡಿದದ್ದು ನನ್ನ ಹಿಂದೆಯೇ. ನಾಲ್ಕು ಸಲ ಎಳೆದ ಮೇಲೆ, ಹೊಸ ಕಣ್ಣುಗಳನ್ನು ನನ್ನ ಕೈಮೇಲೆ ಊರಿ, 'ಮಾಬ್ಲಾ, ನೀ ಎಳೂಕೆ ಯಾವಾಗ ಸುರು ಮಾಡ್ತೆ?' ಎಂದರು. ಬಾಯಲ್ಲಿ ಪ್ರಾಸ, ಕೈಯಲ್ಲಿ ವಿಲಾಸ ಎಂಬಂತೆ ನಾನು ಕಳೆದ ಮೂರು ವರ್ಷ ಹಗ್ಗ ಹಿಡಿದದ್ದು ಬಲೆ ಬರಲೆಂದಲ್ಲ, ನಾನು ಬೀಳದಿರಲೆಂದು. ಅಂದಿನಿಂದ ನಾನು ಎಳೆಯುತ್ತಿದ್ದೇನೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಅಕ್ಷರ ವಕ್ರವಾಗಿದ್ದರೆ ಕ್ಷಮಿಸಬೇಕು.

ಆದ್ದರಿಂದ ತಮ್ಮಂಥ ಸರ್ವಜ್ಞರಲ್ಲಿ ಕೆಲವು ಸಣ್ಣ ಕೋರಿಕೆಗಳು. ಮುಂದಿನ ಪರಿಷ್ಕರಣೆಯಲ್ಲಿ ತಾವು ದಯವಿಟ್ಟು ಒಂದು ಕೆಮ್ಮನ್ನು ಅಳವಡಿಸಿಕೊಳ್ಳಬೇಕು. ನಮ್ಮಲ್ಲಿ ಹೇಳಬಾರದ ಮಾತು ಬಾಯಿಗೆ ಬಂದಾಗ ಅದರಿಂದ ತುಂಬ ಉಪಯೋಗವಾಗುತ್ತದೆ. ತಮಗೊಬ್ಬ ಸೋದರಮಾವನನ್ನು ಎಲ್ಲಿಂದಾದರೂ ಒದಗಿಸಿಕೊಂಡು, ಅವನಿಗಿಂತ ತಮಗೆ ಜಾಸ್ತಿ ಗೊತ್ತಿದ್ದರೂ ಗೊತ್ತಿಲ್ಲದಂತೆ ಮೂರು ವರ್ಷ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಬೇಕು. ಒಮ್ಮೆ ಕಂಬದಿಂದ ಇಳಿದು, ಉಪ್ಪುನೀರಲ್ಲಿ ಮೊಣಕಾಲವರೆಗೆ ನಿಂತು, ಗಂಗಿಯಕ್ಕನಿಂದ ತಮ್ಮ ಹೆಸರು ಹಿಡಿದು ಬೈಸಿಕೊಳ್ಳಬೇಕು. ಅವಳು ಬೈದ ದಿನ ತಮ್ಮನ್ನು ನಾವು ಸದಸ್ಯರೆಂದು ಬರೆದುಕೊಳ್ಳುತ್ತೇವೆ, ಬೊಗಸೆ ಮೀನೂ ಕೊಡುತ್ತೇವೆ, ಹಿಡಿಯಲು ಬೊಗಸೆ ಮಾತ್ರ ತಾವೇ ತರಬೇಕು. ಸಂಜಯ ಅವರಿಗೆ ಇದರ ಪ್ರತಿ ಕಳಿಸಿದ್ದೇನೆ. ಕುಕ್ಕರ್ ಇನ್ನೂ ಉಳಿದಿದ್ದರೆ ಅದಲು ಬದಲಿಗೆ ನಾವು ಸಿದ್ಧರಿದ್ದೇವೆಂದು ಅಂಚಿನಲ್ಲಿ ಬರೆದಿದ್ದೇನೆ.

ಬೊಬ್ಬೆಯೆದ್ದ ಎರಡೂ ಕೈ ಮುಗಿದು,

ತಮ್ಮ ವಿಶ್ವಾಸಿ,
ಮಾಬ್ಲ, ಬಿ.ಎ.,
ಕಾರ್ಯದರ್ಶಿ, ಪ್ರಾಸಗಾರ, ಮತ್ತು ಈಚೆಗೆ ಎಳೆಯುವವನು

ತಾ.ಕ.: ನಿನ್ನೆ ಫೋನಿನಲ್ಲಿ ತಾವು 'ನನ್ನನ್ನು ಬೇರೆ ತಂಡಗಳಿಗೆ ಶಿಫಾರಸು ಮಾಡುವಿರಾ?' ಎಂದು ಕೇಳಿದಿರಿ. ಮನಃಪೂರ್ವಕವಾಗಿ. ಅಳಿವೆಯ ಆಚೆ ದಡದಲ್ಲಿ ನಮ್ಮ ಪ್ರತಿಸ್ಪರ್ಧಿ ರಂಪಣಿಯವರಿದ್ದಾರೆ, ತಾವು ನಾಳೆಯೇ ಅಲ್ಲಿಗೆ ಹೊರಡಬಹುದು. ಅವರ ತಾಂಡೇಲನಿಗೆ ಕಣ್ಣು ಬಲು ಚುರುಕು, ಕಿವಿ ಮಾತ್ರ ಈಚೆಗೆ ಮಂದವೆಂದು ಕೇಳಿದ್ದೇನೆ. ವರದಿಯನ್ನು ಗಟ್ಟಿಯಾಗಿ ಓದುವ ಮುನ್ನ ಒಂದನ್ನು ವಿಚಾರಿಸಿಕೊಳ್ಳಿ: ಅವನಿಗಾಗಿ ಒಂದು ಬೆಳಿಗ್ಗೆ ಕಿವುಡಾಗಲು ಒಪ್ಪುವ ಅರವತ್ತು ಜನ ಅಲ್ಲಿದ್ದಾರೆಯೇ ಎಂದು.